ಹದಿನಾರರ ವಯೋಮಿತಿ ಕಾನೂನು: ಗುರುತಿನ ದಾಖಲೆ ಕೇಳಿದರೆ ಕೊಡಬೇಕೇ, ಈ ವಿಷಯದಲ್ಲಿ ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ಯಾರ್ರಾ ದಂಡೆ (ಮೆಲ್ಬರ್ನ್)

2025ರ ಡಿಸೆಂಬರ್ 10ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಆಸ್ಟ್ರೇಲಿಯಾದಲ್ಲಿ ಹದಿನಾರು ತುಂಬದ ಮಕ್ಕಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಥ್ರೆಡ್ಸ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್, ರೆಡಿಟ್, ಕಿಕ್, ಟ್ವಿಚ್ ಈ ಹತ್ತು ತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ನಮ್ಮ ಮನೆಯಲ್ಲಿ ಹದಿನಾಲ್ಕರ ಮಗಳೂ ಹದಿನೇಳರ ಮಗನೂ ಇದ್ದಾರೆ. ವೀಣೆಯ ಪಾಠಗಳನ್ನು ಜೋಡಿಸಿಟ್ಟುಕೊಂಡಿದ್ದ ಮಗಳ ಖಾತೆಯೊಂದು ಮುಚ್ಚಿತು. ಖಾತೆಯಿಲ್ಲದೆಯೂ ಆ ಪಾಠಗಳನ್ನು ನೋಡಬಹುದಾದ್ದರಿಂದ ಅದನ್ನು ನಾವು ದೊಡ್ಡದು ಮಾಡಲಿಲ್ಲ. ಅಜ್ಜಿಯೊಂದಿಗೆ ಮಾತಾಡುವ ವಾಟ್ಸ್‌ಆ್ಯಪ್ ಈ ಕಾನೂನಿನ ವ್ಯಾಪ್ತಿಗೆ ಬಂದಿಲ್ಲ ಎಂಬುದೂ ಸಮಾಧಾನದ ಸಂಗತಿಯೇ.

ನನ್ನ ಕಳವಳವಿರುವುದು ಮಗನ ವಿಷಯದಲ್ಲಿ. ಒಂದು ತಾಣವು ಅವನ ಮುಖವನ್ನು ಕ್ಯಾಮೆರಾದಲ್ಲಿ ನೋಡಿ ವಯಸ್ಸನ್ನು ಅಂದಾಜು ಮಾಡಿ, ಅವನನ್ನು ಹದಿನಾರಕ್ಕಿಂತ ಚಿಕ್ಕವನೆಂದು ತೀರ್ಮಾನಿಸಿತು. ಈಗ ಪಾಸ್‌ಪೋರ್ಟಿನ ಚಿತ್ರ ಕಳುಹಿಸಿ ಎನ್ನುತ್ತಿದೆ. ಪರಿಶೀಲನೆಯಾದ ಕೂಡಲೇ ಆ ಚಿತ್ರವನ್ನು ಅಳಿಸಿಹಾಕುತ್ತೇವೆ ಎಂಬ ಭರವಸೆಯನ್ನೂ ಅಲ್ಲೇ ಬರೆದಿದ್ದಾರೆ. ಆದರೆ 2022ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಕಂಪನಿ ಆಪ್ಟಸ್‌ನಿಂದ ಸುಮಾರು 98 ಲಕ್ಷ ಗ್ರಾಹಕರ ಮಾಹಿತಿ ಕಳುವಾಯಿತು. ಮರುತಿಂಗಳೇ ಆರೋಗ್ಯ ವಿಮಾ ಕಂಪನಿ ಮೆಡಿಬ್ಯಾಂಕ್‌ನಿಂದ 97 ಲಕ್ಷ ಜನರ ಮಾಹಿತಿ ಹೋಯಿತು, ಅದರಲ್ಲಿ ಅನಾರೋಗ್ಯದ ವಿವರಗಳೂ ಸೇರಿದ್ದವು. 2025ರ ಅಕ್ಟೋಬರಿನಲ್ಲಿ ಹರಟೆಯ ತಾಣ ಡಿಸ್ಕಾರ್ಡ್‌ಗೆ ಸೇವೆ ಒದಗಿಸುತ್ತಿದ್ದ ಹೊರಗಿನ ಸಂಸ್ಥೆಯೊಂದರ ಮೂಲಕ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು ಬಯಲಾದವು. ಅವರಲ್ಲಿ ಅನೇಕರು ವಯಸ್ಸನ್ನು ರುಜುವಾತುಪಡಿಸಲೆಂದೇ ಚೀಟಿ ಕೊಟ್ಟಿದ್ದವರು. ಇಷ್ಟೆಲ್ಲ ಕಣ್ಣೆದುರಿಗಿರುವಾಗ, ಅಳಿಸುತ್ತೇವೆ ಎಂಬ ಒಂದು ಸಾಲನ್ನು ನಂಬಿ ಮಗನ ಪಾಸ್‌ಪೋರ್ಟನ್ನು ಕೊಡಲು ನನಗೆ ಮನಸ್ಸು ಬರುತ್ತಿಲ್ಲ.

ಇದರ ಹಿಂದೆ ಇನ್ನೊಂದು ಪ್ರಶ್ನೆಯೂ ಇದೆ. ಈ ಕಾನೂನನ್ನು ಅರ್ಥಮಾಡಿಕೊಳ್ಳಲು ಇಲ್ಲಿನ ಪತ್ರಿಕೆಗಳನ್ನು ಓದಿದರೆ ಬಹುಪಾಲು ಹೊಗಳಿಕೆಯೇ ಸಿಗುತ್ತದೆ. ಸಾಮಾಜಿಕ ಮಾಧ್ಯಮದಲ್ಲಿ ಹುಡುಕಿದರೆ, ಪ್ರತಿಯೊಬ್ಬ ಪ್ರಜೆಗೂ ಕಡ್ಡಾಯ ಡಿಜಿಟಲ್ ಗುರುತು ಬಂದೇಬಿಟ್ಟಿತು ಎಂಬ ಆಧಾರವಿಲ್ಲದ ಭೀತಿ ಎದುರಾಗುತ್ತದೆ. ಸರ್ಕಾರ, ಪತ್ರಿಕೆ, ತಂತ್ರಜ್ಞಾನ ಕಂಪನಿ ಈ ಮೂರರಲ್ಲಿ ಯಾರ ಮಾತಿಗೂ ಪೂರ್ಣವಾಗಿ ತಲೆದೂಗಲಾಗದ ಸ್ಥಿತಿಯಲ್ಲಿ ಒಬ್ಬ ಸಾಮಾನ್ಯ ಪೋಷಕ ಯಾವ ಆಧಾರದ ಮೇಲೆ ತೀರ್ಮಾನಕ್ಕೆ ಬರಬೇಕು? ಕಾಯ್ದೆಯನ್ನು ಓದಿದವರು ಮತ್ತು ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಬರ್ಲಿ ಗ್ರಿಫಿನ್ ಕೆರೆ (ಕ್ಯಾನ್‌ಬೆರಾ)

ಮೊದಲು ನಿಮಗೆ ತಕ್ಷಣ ಉಪಯೋಗಕ್ಕೆ ಬರುವ ಮಾತು. ಸರ್ಕಾರ ಕೊಟ್ಟ ಗುರುತಿನ ದಾಖಲೆಯೊಂದೇ ದಾರಿ ಎಂದು ಯಾವ ತಾಣವೂ ಹೇಳುವಂತಿಲ್ಲ. ಬೇರೊಂದು ನ್ಯಾಯವಾದ ಮಾರ್ಗವನ್ನು ಅದು ಒದಗಿಸಲೇಬೇಕು. ಹಾಗೆಯೇ ವಯಸ್ಸಿನ ಪರಿಶೀಲನೆಗೆಂದು ಪಡೆದ ಮಾಹಿತಿಯನ್ನು ಉದ್ದೇಶ ಮುಗಿದ ಮೇಲೆ ನಾಶಪಡಿಸಬೇಕು. ಈ ಎರಡೂ ಕಾಯ್ದೆಯಲ್ಲೇ ಇರುವ ಷರತ್ತುಗಳು. ವಯೋಮಿತಿಯ ಹೊಣೆಯನ್ನು ನಿರ್ವಹಿಸದ ಕಂಪನಿಗೆ ವಿಧಿಸಬಹುದಾದ ದಂಡ 4.95 ಕೋಟಿ ಡಾಲರ್‌ವರೆಗೆ ಹೋಗುತ್ತದೆ. ಮಕ್ಕಳಿಗಾಗಲಿ ತಂದೆತಾಯಿಗಳಿಗಾಗಲಿ ಯಾವ ಶಿಕ್ಷೆಯೂ ಇಲ್ಲ. ಆದ್ದರಿಂದ ಪಾಸ್‌ಪೋರ್ಟ್ ಕಳುಹಿಸುವ ಮುನ್ನ ಪರ್ಯಾಯ ಮಾರ್ಗ ಯಾವುದೆಂದು ಆ ತಾಣವನ್ನು ಲಿಖಿತವಾಗಿ ಕೇಳಿ. ಇಷ್ಟು ಕಾನೂನು ನಿಮಗೆ ಕೊಟ್ಟಿರುವ ರಕ್ಷಣೆ.

ನಿಮ್ಮ ಅಪನಂಬಿಕೆಗೆ ಕಾರಣವಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಈ ಮಸೂದೆ 2024ರ ನವೆಂಬರ್ 21ರಂದು ಮಂಡನೆಯಾಯಿತು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯು ಸಾರ್ವಜನಿಕರ ಅಭಿಪ್ರಾಯ ಸಲ್ಲಿಕೆಗೆ ಕೊಟ್ಟದ್ದು ಒಂದೇ ದಿನದ ಅವಕಾಶ, ಆ ಒಂದು ದಿನದಲ್ಲಿ ಬಂದ ಪತ್ರಗಳು ಸುಮಾರು 15,000. ಸಾಕ್ಷ್ಯ ಕೇಳುವುದಕ್ಕೆ ಕೆಲವೇ ಗಂಟೆಗಳು ಸಿಕ್ಕವು. ನವೆಂಬರ್ 28ರಂದು ಸೆನೆಟ್‌ನಲ್ಲಿ ಪರವಾಗಿ 34, ವಿರುದ್ಧವಾಗಿ 19 ಮತ ಬಿದ್ದು ಮಸೂದೆ ಅಂಗೀಕಾರವಾಯಿತು. ಅಂದರೆ ಜಗತ್ತಿನಲ್ಲೇ ಮೊದಲನೆಯದೆಂದು ಸರ್ಕಾರವೇ ಹೇಳಿಕೊಂಡ ಕಾನೂನೊಂದು ಸಂಸತ್ತನ್ನು ದಾಟಲು ಎಂಟು ದಿನ ಸಾಕಾಯಿತು. ಅದಕ್ಕೆ ಮೊದಲೇ ಅಕ್ಟೋಬರಿನಲ್ಲಿ 140ಕ್ಕೂ ಹೆಚ್ಚು ತಜ್ಞರು, ಇದು ತೀರಾ ಮೊಂಡಾದ ಉಪಾಯ, ಮಕ್ಕಳ ಸುರಕ್ಷತೆಯ ಹೊಣೆಯನ್ನು ತಾಣಗಳ ವಿನ್ಯಾಸದ ಮೇಲೆಯೇ ಹೇರಬೇಕು ಎಂಬ ಅರ್ಥದಲ್ಲಿ ಪ್ರಧಾನಿಗೆ ಬಹಿರಂಗ ಪತ್ರ ಬರೆದಿದ್ದರು. ಮಾನವ ಹಕ್ಕುಗಳ ಆಯೋಗವೂ ಗಂಭೀರವಾದ ಆಕ್ಷೇಪಗಳನ್ನು ದಾಖಲಿಸಿತ್ತು. ಇವರೆಲ್ಲರ ವಾದ ತಪ್ಪಿರಬಹುದು. ಆದರೆ ಅದನ್ನು ತೂಗಿ ನೋಡುವುದಕ್ಕೆ ಸಂಸತ್ತು ಸಮಯವನ್ನೇ ಇಟ್ಟುಕೊಳ್ಳಲಿಲ್ಲ.

ಇಪ್ಪತ್ತು ವರ್ಷಗಳಿಂದ ಕ್ಯಾನ್‌ಬೆರಾದಲ್ಲಿದ್ದು ಇದನ್ನು ನೋಡುತ್ತಿರುವ ನನಗೆ ಈ ಅವಸರ ಹೊಸದಾಗಿ ಕಾಣುವುದಿಲ್ಲ. 2015ರಲ್ಲಿ ಬಂದ ಮೆಟಾಡೇಟಾ ಕಾನೂನು, ದೇಶದ ಪ್ರತಿಯೊಬ್ಬರೂ ಯಾರಿಗೆ, ಯಾವಾಗ, ಎಲ್ಲಿಂದ ಕರೆ ಮಾಡಿದರು ಎಂಬ ವಿವರವನ್ನು ದೂರಸಂಪರ್ಕ ಕಂಪನಿಗಳು ಎರಡು ವರ್ಷ ಕಾಪಿಡಬೇಕೆಂದು ವಿಧಿಸಿತು. ಭಯೋತ್ಪಾದನೆ ಮತ್ತು ಘೋರ ಅಪರಾಧಗಳ ತನಿಖೆಗಾಗಿ, ಕೆಲವೇ ಸಂಸ್ಥೆಗಳಿಗೆ ಮಾತ್ರ ಇದು ಲಭ್ಯ ಎಂದು ಆಗ ಹೇಳಲಾಗಿತ್ತು. ಆದರೆ ಹಳೆಯ ದೂರಸಂಪರ್ಕ ಕಾಯ್ದೆಯ ಬೇರೊಂದು ವಿಧಿಯ ಮೂಲಕ ಸ್ಥಳೀಯ ಪುರಸಭೆಗಳಂತಹ ಸಂಸ್ಥೆಗಳೂ ಅದನ್ನು ಪಡೆಯುತ್ತಿದ್ದುದನ್ನು ಸಂಸತ್ತಿನ ಗುಪ್ತಚರ ಸಮಿತಿಯೇ 2020ರ ವರದಿಯಲ್ಲಿ ಎತ್ತಿ ತೋರಿಸಿತು. ಪತ್ರಕರ್ತರ ಮೆಟಾಡೇಟಾ ನೋಡಲು ವಿಶೇಷ ವಾರಂಟ್ ಬೇಕೆಂಬ ರಕ್ಷಣೆಯನ್ನೂ ಆ ಕಾನೂನಿನಲ್ಲಿ ಸೇರಿಸಿದ್ದರು. ಪೂರ್ಣ ಜಾರಿಯಾದ ತಿಂಗಳಲ್ಲೇ, 2017ರ ಏಪ್ರಿಲಿನಲ್ಲಿ, ವಾರಂಟ್ ಇಲ್ಲದೆಯೇ ಪತ್ರಕರ್ತರೊಬ್ಬರ ಕರೆ ವಿವರ ನೋಡಲಾಗಿತ್ತೆಂದು ಫೆಡರಲ್ ಪೊಲೀಸರು ಒಪ್ಪಿಕೊಂಡರು.

2018ರ ಗೂಢಲಿಪೀಕರಣ ಕಾನೂನಿನ ಕಥೆಯೂ ಇದೇ ಬಗೆಯದು. ಸಂದೇಶಗಳ ಗೂಢಲಿಪಿಯನ್ನು ದಾಟಲು ತನಿಖಾ ಸಂಸ್ಥೆಗಳಿಗೆ ನೆರವಾಗುವಂತೆ ಕಂಪನಿಗಳಿಗೆ ಆಜ್ಞೆ ಮಾಡುವ ಈ ಕಾನೂನು ವರ್ಷದ ಕೊನೆಯ ಅಧಿವೇಶನದ ದಿನ, ಡಿಸೆಂಬರ್ 6ರಂದು ಪಾಸಾಯಿತು. ಅಂದು ವಿರೋಧ ಪಕ್ಷವಾಗಿದ್ದ ಲೇಬರ್, ತಾನೇ ಸಿದ್ಧಪಡಿಸಿದ್ದ ತಿದ್ದುಪಡಿಗಳನ್ನು ಮುಂದಿನ ವರ್ಷ ನೋಡೋಣ ಎಂದು ಹಿಂತೆಗೆದುಕೊಂಡು ಮತ ಹಾಕಿತು. ಅಪರಾಧ ತಡೆಗಾಗಿ ದತ್ತಾಂಶವನ್ನು ಬದಲಿಸುವ, ಖಾತೆಯನ್ನೇ ವಶಪಡಿಸಿಕೊಳ್ಳುವ ಅಧಿಕಾರ 2021ರಲ್ಲಿ ಬಂತು. ಯಾವ ಪಕ್ಷದ ಸರ್ಕಾರವಿದ್ದರೂ ಇಂತಹ ಕಾನೂನುಗಳಿಗೆ ಎರಡು ದೊಡ್ಡ ಪಕ್ಷಗಳು ಸೇರಿ ಮತ ಹಾಕುವುದರಿಂದ, ಸಂಸತ್ತಿನಲ್ಲಿ ಗಟ್ಟಿಯಾಗಿ ಪ್ರಶ್ನಿಸುವ ಕೆಲಸ ಗ್ರೀನ್ಸ್ ಪಕ್ಷ ಮತ್ತು ಸ್ವತಂತ್ರ ಸದಸ್ಯರಿಗೆ ಉಳಿಯುತ್ತದೆ.

ಭಾರತದಿಂದ ಬಂದ ನಮ್ಮಲ್ಲಿ ಹಲವರು ಇಲ್ಲಿ ಗಮನಿಸದ ಸಂಗತಿಯೊಂದಿದೆ. ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೆಂದು ಭಾರತದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟಿನಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಅಂತಹ ಹಕ್ಕುಗಳ ಪಟ್ಟಿಯೇ ಇಲ್ಲ. ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ಮತ್ತು ನಮ್ಮ ಕ್ಯಾನ್‌ಬೆರಾ ಪ್ರಾಂತ್ಯಗಳಿಗೆ ತಮ್ಮದೇ ಮಾನವ ಹಕ್ಕು ಕಾಯ್ದೆಗಳಿವೆ, ಆದರೆ ಅವು ಫೆಡರಲ್ ಸಂಸತ್ತಿನ ಕಾನೂನನ್ನು ಕಟ್ಟಿಹಾಕಲಾರವು. ರಾಜಕೀಯ ವಿಷಯಗಳ ಸಂವಹನ ಸ್ವಾತಂತ್ರ್ಯವು ಸಂವಿಧಾನದಲ್ಲಿ ಅಂತರ್ಗತವಾಗಿದೆ ಎಂದು ಇಲ್ಲಿನ ಹೈಕೋರ್ಟ್, ಅಂದರೆ ಈ ದೇಶದ ಅತ್ಯುನ್ನತ ನ್ಯಾಯಾಲಯ, 1992ರಲ್ಲಿ ಗುರುತಿಸಿತು. ಹದಿನಾರರ ಕಾನೂನಿನ ವಿರುದ್ಧ ರೆಡಿಟ್ 2025ರ ಡಿಸೆಂಬರಿನಲ್ಲಿ ಹೂಡಿದ ಮೊಕದ್ದಮೆ ಆಶ್ರಯಿಸಿರುವುದೂ ಈ ತತ್ತ್ವವನ್ನೇ. ಖಾಸಗಿತನಕ್ಕೆ ಅಷ್ಟರಮಟ್ಟಿನ ಆಸರೆಯೂ ಇಲ್ಲ. ಸಂಸತ್ತು ಕೊಟ್ಟಷ್ಟೇ ನಮ್ಮ ಹಕ್ಕು. ಹೀಗಿರುವುದರಿಂದಲೇ ಸಂಸತ್ತು ಆತುರಪಟ್ಟಾಗ ನನಗೆ ಹೆದರಿಕೆಯಾಗುತ್ತದೆ.

ಉತ್ತರ: ಕರಿಹಲಗೆ (ಬ್ರಿಸ್ಬೇನ್)

ನಾನು ಮಾಧ್ಯಮಿಕ ಶಾಲೆಯ ಶಿಕ್ಷಕಿ. ಮೇಲಿನ ಉತ್ತರದಲ್ಲಿರುವ ಇತಿಹಾಸವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಕಣ್ಗಾವಲಿನ ಕಾನೂನುಗಳನ್ನೂ ಮಕ್ಕಳ ರಕ್ಷಣೆಯ ಈ ಕಾನೂನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಮೆಟಾಡೇಟಾ ಕಾನೂನು ಪ್ರಜೆಯ ವಿರುದ್ಧ ಸರ್ಕಾರಕ್ಕೆ ಬಲ ಕೊಟ್ಟಿತು. ಇದು ಜಗತ್ತಿನ ಅತ್ಯಂತ ಶ್ರೀಮಂತ ಕಂಪನಿಗಳ ಮೇಲೆ ಹೊಣೆ ಹೊರಿಸಿದೆ. ಹದಿಮೂರು ವರ್ಷದ ಮಿತಿ ಆ ಕಂಪನಿಗಳ ನಿಯಮಾವಳಿಯಲ್ಲಿ ಬಹುಕಾಲದಿಂದ ಇತ್ತು, ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಹೇಳಿದರೆ ಒಳಗೆ ಬಿಡುತ್ತಿದ್ದರು. ನನ್ನ ತರಗತಿಯಲ್ಲಿ ಹತ್ತು ಹನ್ನೊಂದರ ವಯಸ್ಸಿನಲ್ಲೇ ಖಾತೆ ತೆರೆದಿದ್ದ ಮಕ್ಕಳು ಬೇಕಾದಷ್ಟಿದ್ದರು. ರಾತ್ರಿ ಎರಡು ಗಂಟೆಯವರೆಗೆ ಒಬ್ಬರನ್ನೊಬ್ಬರು ಹೀಯಾಳಿಸಿದ ಸಂದೇಶಗಳ ಗಾಯವನ್ನು ಹೊತ್ತು ಬೆಳಗ್ಗೆ ತರಗತಿಗೆ ಬರುತ್ತಿದ್ದ ಹುಡುಗಿಯರನ್ನು ನಾನು ಸಮಾಧಾನಪಡಿಸಿದ್ದೇನೆ.

ಒಬ್ಬ ತಾಯಿ ಮಾತ್ರ ಮಗಳಿಗೆ ಬೇಡವೆಂದರೆ ಆ ಮಗು ಗೆಳತಿಯರ ಗುಂಪಿನಿಂದ ಹೊರಗುಳಿಯುತ್ತದೆ. ಆ ಭಯಕ್ಕೇ ಎಲ್ಲ ತಾಯಂದಿರೂ ಮನಸ್ಸಿಲ್ಲದೆ ಒಪ್ಪಿಕೊಳ್ಳುತ್ತಿದ್ದರು. ಒಂದು ದೇಶವ್ಯಾಪಿ ನಿಯಮದ ಹೊರತು ಈ ಗಂಟನ್ನು ಬಿಡಿಸುವ ಬೇರೆ ದಾರಿ ನನಗೆ ಕಾಣಲಿಲ್ಲ. 2026ರ ಜನವರಿಯಲ್ಲಿ ಸರ್ಕಾರ ಪ್ರಕಟಿಸಿದ ಪ್ರಕಾರ ಹದಿನಾರು ತುಂಬದವರದೆಂದು ಗುರುತಿಸಿ ತೆಗೆದುಹಾಕಿದ ಅಥವಾ ನಿರ್ಬಂಧಿಸಿದ ಖಾತೆಗಳು ಸುಮಾರು 47 ಲಕ್ಷ. ಎಲ್ಲ ಮಕ್ಕಳೂ ಹೊರಬಂದಿಲ್ಲ, ಅಣ್ಣಂದಿರ ಮುಖ ತೋರಿಸಿ ಒಳಗಿರುವವರೂ ಇದ್ದಾರೆ. ಆದರೂ ಇನ್ನೂ ಖಾತೆ ತೆರೆಯದ ಎಂಟು ಒಂಬತ್ತರ ಮಕ್ಕಳ ವಿಷಯದಲ್ಲಿ ಪೋಷಕರಿಗೆ ಒಂದು ಆಧಾರ ಸಿಕ್ಕಿದೆ.

ಅವಸರದ ಬಗ್ಗೆ ಮಾತ್ರ ನಿಮ್ಮ ಮಾತನ್ನು ಒಪ್ಪುತ್ತೇನೆ. ನಮ್ಮ ಶಾಲೆಯ ಸಹೋದ್ಯೋಗಿಗಳು ಸಮಿತಿಗೆ ಪತ್ರ ಬರೆಯಬೇಕೆಂದು ಯೋಚಿಸುವಷ್ಟರಲ್ಲಿ ಅವಧಿಯೇ ಮುಗಿದಿತ್ತು. ಕಾನೂನನ್ನು ಬೆಂಬಲಿಸುವ ನಮಗೂ ಅದರಿಂದ ನಷ್ಟವೇ ಆಯಿತು, ಏಕೆಂದರೆ ದೂರದ ಊರುಗಳ ಮಕ್ಕಳು, ಅಂಗವೈಕಲ್ಯವುಳ್ಳ ಮಕ್ಕಳು, ಮನೆಯಲ್ಲಿ ಹೇಳಿಕೊಳ್ಳಲಾಗದ ಸಂಕಟವಿರುವ ಮಕ್ಕಳು ಆನ್‌ಲೈನ್ ಗೆಳೆತನವನ್ನು ಕಳೆದುಕೊಂಡಾಗ ಅವರಿಗೆ ಏನು ಆಸರೆ ಎಂಬುದನ್ನು ಕಾನೂನಿನಲ್ಲಿ ಸೇರಿಸಲು ಅವಕಾಶವಾಗಲಿಲ್ಲ.

ಉತ್ತರ: ಹಳೆಯ ವರದಿಗಾರ (ಸಿಡ್ನಿ)

ಪ್ರಶ್ನೆಯ ಮಾಧ್ಯಮದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಪತ್ರಿಕಾ ವೃತ್ತಿಯಲ್ಲಿ ಬಹುಕಾಲ ಇದ್ದವನಾದ್ದರಿಂದ ಈ ಮಾತು ಬರೆಯುವಾಗ ನನಗೆ ನೋವಾಗುತ್ತದೆ.

ಕೆಲವು ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 2021ರಲ್ಲಿ ಬಂದ ಸುದ್ದಿಮಾಧ್ಯಮ ಚೌಕಾಸಿ ಸಂಹಿತೆಯ ಒತ್ತಡದಿಂದ ಗೂಗಲ್ ಮತ್ತು ಫೇಸ್‌ಬುಕ್ ಇಲ್ಲಿನ ಸುದ್ದಿಸಂಸ್ಥೆಗಳಿಗೆ ಹಣ ಕೊಡುವ ಒಪ್ಪಂದ ಮಾಡಿಕೊಂಡವು. ಅದಕ್ಕೆ ಮುನ್ನ ಫೆಬ್ರವರಿ 18ರಂದು ಫೇಸ್‌ಬುಕ್ ಆಸ್ಟ್ರೇಲಿಯಾದ ಸುದ್ದಿಯನ್ನೆಲ್ಲ ತಡೆಹಿಡಿದು, ಆರೋಗ್ಯ ಇಲಾಖೆ ಮತ್ತು ತುರ್ತುಸೇವೆಗಳ ಪುಟಗಳನ್ನೂ ಕೆಲಕಾಲ ಬರಿದುಮಾಡಿದ್ದು ನಿಮಗೆ ನೆನಪಿರಬಹುದು. 2024ರ ಮಾರ್ಚಿನಲ್ಲಿ ಫೇಸ್‌ಬುಕ್‌ನ ಒಡೆಯನಾದ ಮೆಟಾ ಕಂಪನಿ ಆ ಒಪ್ಪಂದಗಳನ್ನು ನವೀಕರಿಸುವುದಿಲ್ಲವೆಂದು ಘೋಷಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಸ್ ಕಾರ್ಪ್ ತನ್ನ ಪತ್ರಿಕೆಗಳಲ್ಲಿ ಮಕ್ಕಳನ್ನು ಸಾಮಾಜಿಕ ಮಾಧ್ಯಮದಿಂದ ದೂರವಿಡಬೇಕೆಂಬ ದೇಶವ್ಯಾಪಿ ಅಭಿಯಾನ ಆರಂಭಿಸಿತು. ಸೆಪ್ಟೆಂಬರಿನಲ್ಲಿ ಪ್ರಧಾನಿ ಆ್ಯಂಟನಿ ಆಲ್ಬನೀಸಿ ಕಾನೂನು ತರುವುದಾಗಿ ಪ್ರಕಟಿಸಿದರು, ನವೆಂಬರಿನಲ್ಲಿ ಕಾನೂನು ಬಂತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ದುಃಖವನ್ನು ಆ ಅಭಿಯಾನ ಮುನ್ನೆಲೆಗೆ ತಂದದ್ದು ನಿಜ, ಆ ದುಃಖ ಸಂಪೂರ್ಣ ಸಾಚಾ ಎಂಬುದೂ ನಿಜ. ಆದರೆ ಜಾಹೀರಾತಿನ ಹಣಕ್ಕಾಗಿ ಸಾಮಾಜಿಕ ಮಾಧ್ಯಮದೊಡನೆ ನೇರ ಸ್ಪರ್ಧೆಯಲ್ಲಿರುವ ಸಂಸ್ಥೆಯೊಂದು ಕಾನೂನಿಗೆ ಒತ್ತಾಯಿಸಿ, ಬಳಿಕ ಅದೇ ಕಾನೂನಿನ ಗುಣದೋಷಗಳನ್ನು ವರದಿ ಮಾಡುವಾಗ, ತನ್ನ ಹಿತಾಸಕ್ತಿ ಏನೆಂದು ಪ್ರತಿ ವರದಿಯಲ್ಲೂ ಓದುಗನಿಗೆ ತಿಳಿಸಬೇಕಿತ್ತು. ನಾನು ಓದಿದ ಹೆಚ್ಚಿನ ವರದಿಗಳಲ್ಲಿ ಅದು ಕಾಣಲಿಲ್ಲ.

ಇಲ್ಲಿನ ಒಡೆತನದ ಸ್ವರೂಪವೂ ಇದಕ್ಕೆ ಕಾರಣ. ಬ್ರಿಸ್ಬೇನಿನ ಕೊರಿಯರ್ ಮೇಲ್, ಅಡಿಲೇಡಿನ ಅಡ್ವರ್ಟೈಸರ್, ಮೆಲ್ಬರ್ನಿನ ಹೆರಾಲ್ಡ್ ಸನ್, ಸಿಡ್ನಿಯ ಡೈಲಿ ಟೆಲಿಗ್ರಾಫ್, ರಾಷ್ಟ್ರಮಟ್ಟದ ದಿ ಆಸ್ಟ್ರೇಲಿಯನ್ ಎಲ್ಲವೂ ಮರ್ಡಾಕ್ ಕುಟುಂಬದ ನ್ಯೂಸ್ ಕಾರ್ಪ್‌ನವು. ಒಂದೇ ಪ್ರದೇಶದಲ್ಲಿ ಪತ್ರಿಕೆ, ರೇಡಿಯೊ, ಟಿವಿ ಮೂರನ್ನೂ ಒಬ್ಬರೇ ಹೊಂದಬಾರದೆಂಬ ಹಳೆಯ ನಿರ್ಬಂಧವನ್ನು 2017ರಲ್ಲಿ ಸಂಸತ್ತು ತೆಗೆದುಹಾಕಿತು, ಮರುವರ್ಷ ದಿ ಏಜ್ ಮತ್ತು ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆಗಳು ನೈನ್ ಟಿವಿ ಸಂಸ್ಥೆಯಲ್ಲಿ ವಿಲೀನವಾದವು. ಮಾಧ್ಯಮದ ಏಕಸ್ವಾಮ್ಯದ ಬಗ್ಗೆ ರಾಯಲ್ ಕಮಿಷನ್ (ಉನ್ನತ ಮಟ್ಟದ ಸ್ವತಂತ್ರ ವಿಚಾರಣಾ ಆಯೋಗ) ನೇಮಿಸಿ ಎಂದು ಮಾಜಿ ಪ್ರಧಾನಿ ಕೆವಿನ್ ರಡ್ 2020ರಲ್ಲಿ ಆರಂಭಿಸಿದ ಮನವಿಗೆ ಐದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಮಿಷನ್ ಆಗಲಿಲ್ಲ.

ಹಾಗೆಂದು ಪತ್ರಕರ್ತರೆಲ್ಲ ಅಧಿಕಾರದ ಪರ ಎಂದು ತಿಳಿದರೆ ಅದು ದೊಡ್ಡ ಅನ್ಯಾಯವಾಗುತ್ತದೆ. 2019ರ ಜೂನ್ 4ರಂದು ಫೆಡರಲ್ ಪೊಲೀಸರು ಪತ್ರಕರ್ತೆ ಆನಿಕಾ ಸ್ಮೆದರ್ಸ್ಟ್ ಅವರ ಮನೆಯನ್ನು ಶೋಧಿಸಿದರು. ಅವರು ಕೆಲಸ ಮಾಡುತ್ತಿದ್ದುದು ಇದೇ ನ್ಯೂಸ್ ಕಾರ್ಪ್‌ನಲ್ಲಿ, ಬರೆದದ್ದು ನಾಗರಿಕರ ಮೇಲಿನ ಕಣ್ಗಾವಲನ್ನು ವಿಸ್ತರಿಸುವ ಸರ್ಕಾರಿ ಪ್ರಸ್ತಾವದ ಬಗ್ಗೆ. ಮರುದಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಸಿಡ್ನಿ ಕಚೇರಿಗೆ ನುಗ್ಗಿದ್ದು ಅಫ್ಘಾನಿಸ್ತಾನದಲ್ಲಿ ಆಸ್ಟ್ರೇಲಿಯಾದ ವಿಶೇಷ ಪಡೆಗಳ ನಡತೆಯನ್ನು ಬಯಲಿಗೆಳೆದ ವರದಿಗಳಿಗಾಗಿ. ಸ್ಮೆದರ್ಸ್ಟ್ ಮನೆಯ ಶೋಧನಾ ವಾರಂಟ್ ಅಸಿಂಧುವೆಂದು ಹೈಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿತು. ಅಫ್ಘಾನ್ ದಾಖಲೆಗಳನ್ನು ಒದಗಿಸಿದ ಸೇನೆಯ ವಕೀಲ ಡೇವಿಡ್ ಮೆಕ್‌ಬ್ರೈಡ್ ಅವರಿಗೆ 2024ರ ಮೇ ತಿಂಗಳಲ್ಲಿ ಐದು ವರ್ಷ ಎಂಟು ತಿಂಗಳ ಸೆರೆವಾಸ ವಿಧಿಸಲಾಯಿತು. 2019ರ ಅಕ್ಟೋಬರ್ 21ರಂದು ಪರಸ್ಪರ ಸ್ಪರ್ಧಿಗಳಾದ ಪತ್ರಿಕೆಗಳೆಲ್ಲ ಒಟ್ಟಾಗಿ ಮುಖಪುಟದ ಸಾಲುಗಳಿಗೆ ಕಪ್ಪು ಬಳಿದು, ತಿಳಿಯುವ ಹಕ್ಕು ಪ್ರಜೆಯದು ಎಂದು ಸಾರಿದ ದಿನ ನನ್ನ ವೃತ್ತಿಯ ಬಗ್ಗೆ ನನಗೆ ಹೆಮ್ಮೆಯಿತ್ತು.

ರೋಬೋಡೆಟ್ ಪ್ರಕರಣದಲ್ಲಿ ಈ ಎರಡೂ ಮುಖಗಳು ಒಟ್ಟಿಗೇ ಕಾಣುತ್ತವೆ. ವರ್ಷದ ಆದಾಯವನ್ನು ಹದಿನೈದು ದಿನಗಳ ಕಂತುಗಳಿಗೆ ಸಮನಾಗಿ ಹಂಚಿ, ಅದರ ಆಧಾರದಲ್ಲೇ ನೀವು ಹೆಚ್ಚು ಭತ್ಯೆ ಪಡೆದಿದ್ದೀರಿ, ಸಾಲ ತೀರಿಸಿ ಎಂದು ಕಂಪ್ಯೂಟರ್ ಮೂಲಕ ಬಡವರಿಗೆ ನೋಟಿಸು ಕಳುಹಿಸಿದ ಯೋಜನೆ ಅದು. ಲೆಕ್ಕವೇ ಕಾನೂನುಬಾಹಿರವಾಗಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಿಕ್ಕಿಬಿದ್ದರು. ನೋಟಿಸು ಬಂದವರ ಕಥೆಗಳನ್ನು ಹುಡುಕಿ ಬರೆದವರೂ ಪತ್ರಕರ್ತರೇ. ಟೀಕಿಸಿದವರ ಖಾಸಗಿ ವಿವರವನ್ನು ಸರ್ಕಾರ ಕೈಗಿತ್ತಾಗ ಅದನ್ನು ಪ್ರಕಟಿಸಿದವರೂ ಪತ್ರಕರ್ತರೇ. ಕ್ಯಾಥರಿನ್ ಹೋಮ್ಸ್ ನೇತೃತ್ವದ ರಾಯಲ್ ಕಮಿಷನ್ 2023ರ ಜುಲೈನಲ್ಲಿ ಕೊಟ್ಟ ವರದಿಯು, ಭತ್ಯೆ ಪಡೆಯುವವರ ಮಾಹಿತಿಯನ್ನು ಅಂದಿನ ಸಚಿವ ಅಲನ್ ಟಜ್ ಮಾಧ್ಯಮದಲ್ಲಿ ಬಳಸಿದ ರೀತಿಯನ್ನು ಅಧಿಕಾರದ ದುರುಪಯೋಗವೆಂದು ಕರೆದಿದೆ. ಖಾಸಗಿತನದ ಪ್ರಶ್ನೆ ಮೊಬೈಲ್ ಆ್ಯಪುಗಳಿಗಷ್ಟೇ ಸೀಮಿತವೆಂದು ಭಾವಿಸುವವರು ಆ ಅಧ್ಯಾಯವನ್ನು ಓದಬೇಕು.

ಯಾರನ್ನು ನಂಬಬೇಕೆಂದು ಕೇಳಿದ್ದೀರಿ. ನನ್ನ ಅಭ್ಯಾಸವನ್ನು ಹೇಳುತ್ತೇನೆ: ಕಾನೂನಿನ ಬಗ್ಗೆ ವರದಿ ಓದಿದ ಮೇಲೆ ಸಂಸತ್ತಿನ ಜಾಲತಾಣದಲ್ಲಿ ಆ ಮಸೂದೆಯ ಪುಟಕ್ಕೆ ಹೋಗಿ ವಿವರಣಾ ಟಿಪ್ಪಣಿಯನ್ನೂ ಸಮಿತಿಗೆ ಬಂದ ಮುಖ್ಯ ಪತ್ರಗಳನ್ನೂ ನೋಡುತ್ತೇನೆ. ವರದಿಯಲ್ಲಿ ಯಾವ ಪತ್ರಗಳಿಗೆ ಜಾಗ ಸಿಕ್ಕಿಲ್ಲ ಎಂಬುದೇ ಆ ಪತ್ರಿಕೆಯ ಒಲವನ್ನು ತಿಳಿಸುತ್ತದೆ. ಸರ್ಕಾರಿ ಹಣದಿಂದ ನಡೆಯುವ ಎಬಿಸಿಯನ್ನೂ ಹೀಗೇ ಪರೀಕ್ಷಿಸಿ ಓದಬೇಕು. ಗಾಜಾ ಕುರಿತ ಒಂದು ಪೋಸ್ಟ್‌ಗೆ ಸಂಬಂಧಿಸಿ ನಿರೂಪಕಿ ಆ್ಯಂಟೊನೆಟ್ ಲಟೂಫ್ ಅವರನ್ನು ಕೆಲಸದಿಂದ ತೆಗೆದದ್ದು ಕಾನೂನುಬಾಹಿರವೆಂದು 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಹೇಳಿದ ಮೇಲೆ, ಹೊರಗಿನ ಒತ್ತಡಕ್ಕೆ ಆ ಸಂಸ್ಥೆ ಮಣಿಯುವುದೇ ಇಲ್ಲ ಎನ್ನಲಾಗದು.

ಉತ್ತರ: ಸ್ವಾನ್ ನದಿ (ಪರ್ತ್)

ಒಂದು ಉದ್ದೇಶಕ್ಕೆ ಪಡೆದ ಮಾಹಿತಿ ಇನ್ನೊಂದಕ್ಕೆ ಬಳಕೆಯಾಗುವುದಿಲ್ಲ ಎಂಬ ಭರವಸೆಯ ಬಗ್ಗೆ ನಮ್ಮ ರಾಜ್ಯದ ಅನುಭವವನ್ನು ಸೇರಿಸುತ್ತೇನೆ. ಕೋವಿಡ್ ಕಾಲದಲ್ಲಿ ಅಂಗಡಿ, ದೇವಾಲಯ, ಕನ್ನಡ ಸಂಘದ ಕಾರ್ಯಕ್ರಮ ಎಲ್ಲಿಗೆ ಹೋದರೂ ಸೇಫ್‌ಡಬ್ಲ್ಯೂಎ ಆ್ಯಪ್‌ನಲ್ಲಿ ಹಾಜರಿ ದಾಖಲಿಸಬೇಕಿತ್ತು. ಸೋಂಕಿತರ ಸಂಪರ್ಕ ಪತ್ತೆಗೆ ಮಾತ್ರ ಇದು ಎಂದು ರಾಜ್ಯ ಸರ್ಕಾರ ಹೇಳಿತ್ತು, ನಾವು ಮನಃಪೂರ್ವಕವಾಗಿ ಸಹಕರಿಸಿದೆವು. ಅಪರಾಧ ತನಿಖೆಗಾಗಿ ಪೊಲೀಸರು ಆ ದಾಖಲೆಯನ್ನು ಪಡೆದಿದ್ದರೆಂದು 2021ರ ಜೂನ್‌ನಲ್ಲಿ ತಿಳಿದುಬಂತು. ಪೊಲೀಸರು ಕಾನೂನು ಮುರಿದಿರಲಿಲ್ಲ, ಏಕೆಂದರೆ ಅವರನ್ನು ತಡೆಯುವ ಕಾನೂನೇ ಇರಲಿಲ್ಲ. ವಿಷಯ ಹೊರಬರುವ ಹೊತ್ತಿಗೆ ಸರ್ಕಾರ ತರಾತುರಿಯಲ್ಲಿ ಅಂತಹ ಕಾನೂನನ್ನು ಮಾಡಿತು. ತನಿಖೆಯಲ್ಲಿದ್ದದ್ದು ಕೊಲೆ ಪ್ರಕರಣ, ಅದನ್ನು ಪತ್ತೆಮಾಡುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೂ ಸಚಿವರ ಬಾಯಿಮಾತಿನ ಭರವಸೆಗೂ ಕಾಯ್ದೆಯ ಅಕ್ಷರಕ್ಕೂ ಇರುವ ಅಂತರವನ್ನು ನಾನು ಅಂದೇ ಕಂಡುಕೊಂಡೆ. ಹದಿನಾರರ ಕಾನೂನಿನಲ್ಲಿ ನಾಶಪಡಿಸುವ ಷರತ್ತು ಅಕ್ಷರದಲ್ಲೇ ಇದೆ ಎಂಬುದನ್ನು ಗಮನಿಸಿ. ಈ ಮಟ್ಟಿಗೆ ಅದು ಸೇಫ್‌ಡಬ್ಲ್ಯೂಎಗಿಂತ ಮೇಲು. ನಾಶವಾಗಿದೆಯೇ ಎಂದು ಪ್ರತಿ ಕಂಪನಿಯಲ್ಲೂ ಹೋಗಿ ನೋಡುವಷ್ಟು ಸಿಬ್ಬಂದಿ ಮತ್ತು ಹಣವನ್ನು ಖಾಸಗಿತನ ಆಯುಕ್ತರ ಕಚೇರಿಗೆ ಕೊಡುತ್ತಾರೆಯೇ ಎಂಬುದನ್ನು ಬಜೆಟ್ ಬಂದಾಗ ಕೇಳಬೇಕು.

ಯಾರ್ರಾ ದಂಡೆ (ಪ್ರಶ್ನೆ ಕೇಳಿದವರು)

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಶಿಕ್ಷಕಿಯವರ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ. ಮಗಳ ವಿಷಯದಲ್ಲಿ ಈ ಕಾನೂನಿನಿಂದ ನನಗೂ ನೆರವಾಗಿದೆ ಎಂಬುದನ್ನು ನಾನು ಬರೆದಿರಲಿಲ್ಲ. ಹಾಗಿದ್ದರೂ ಮಕ್ಕಳ ರಕ್ಷಣೆಯೂ ಖಾಸಗಿತನವೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳಬೇಕಾದ ವಿಷಯಗಳೆಂಬಂತೆ ಸರ್ಕಾರ ನಮ್ಮ ಮುಂದಿಟ್ಟದ್ದನ್ನು ನಾನು ಒಪ್ಪಲಾರೆ. ನಮ್ಮಂತಹವರು ಇನ್ನು ಮುಂದೆ ಮಾಡಬಹುದಾದ್ದು ಏನಾದರೂ ಉಳಿದಿದೆಯೇ? ನಾನು ಪ್ರಜೆ, ಆದರೆ ನನ್ನ ಪರಿಚಯದ ಹಲವು ಕುಟುಂಬಗಳು ಇನ್ನೂ ವೀಸಾದ ಮೇಲಿವೆ. ಸರ್ಕಾರವನ್ನು ಟೀಕಿಸಿ ಪತ್ರ ಬರೆದರೆ ವೀಸಾಕ್ಕೆ ತೊಂದರೆಯಾದೀತೆಂದು ಅವರು ಹೆದರುತ್ತಾರೆ.

ಉತ್ತರ: ಬರ್ಲಿ ಗ್ರಿಫಿನ್ ಕೆರೆ (ಕ್ಯಾನ್‌ಬೆರಾ)

ಸಂಸತ್ತಿನ ಸಮಿತಿಗೆ ಅಭಿಪ್ರಾಯ ಸಲ್ಲಿಸಲು ಪ್ರಜೆಯಾಗಿರಬೇಕಿಲ್ಲ. ಹೆಸರನ್ನು ಪ್ರಕಟಿಸಬೇಡಿ ಎಂದಾಗಲಿ ಇಡೀ ಪತ್ರವನ್ನು ಗೌಪ್ಯವಾಗಿಡಿ ಎಂದಾಗಲಿ ಕೋರುವ ಅವಕಾಶವೂ ಇದೆ. ಸಮಿತಿಗೆ ಕೊಟ್ಟ ಸಾಕ್ಷ್ಯಕ್ಕಾಗಿ ಒಬ್ಬರಿಗೆ ತೊಂದರೆ ಕೊಡುವುದನ್ನು ಸಂಸತ್ತು ತನ್ನ ಹಕ್ಕಿನ ಉಲ್ಲಂಘನೆಯೆಂದು ಪರಿಗಣಿಸುತ್ತದೆ. ಇದನ್ನು ಆ ಕುಟುಂಬಗಳಿಗೆ ದಯವಿಟ್ಟು ತಿಳಿಸಿ, ಏಕೆಂದರೆ ವೀಸಾ ಕಚೇರಿಗೆ ಎಲ್ಲ ದಾಖಲೆಗಳನ್ನೂ ಒಪ್ಪಿಸಿ ಬದುಕುವ ಅವರ ಧ್ವನಿಯೇ ಇಂತಹ ವಿಚಾರಣೆಗಳಲ್ಲಿ ಅತಿ ಕಡಿಮೆ ಕೇಳಿಸುತ್ತದೆ.

ಮುಂದೆ ಎರಡು ಅವಕಾಶಗಳಿವೆ. 2024ರ ಕೊನೆಯಲ್ಲಿ ಆದ ಖಾಸಗಿತನ ಕಾಯ್ದೆಯ ತಿದ್ದುಪಡಿಯಂತೆ ಮಕ್ಕಳ ಆನ್‌ಲೈನ್ ಖಾಸಗಿತನ ಸಂಹಿತೆಯೊಂದು 2026ರ ಡಿಸೆಂಬರ್ 10ರೊಳಗೆ ಸಿದ್ಧವಾಗಬೇಕು, ಅದರ ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಮಕ್ಕಳ ಮಾಹಿತಿಯನ್ನು ಎಷ್ಟು ಸಂಗ್ರಹಿಸಬಹುದು, ಎಷ್ಟು ಕಾಲ ಇಡಬಹುದು ಎಂಬುದು ಅಲ್ಲಿ ತೀರ್ಮಾನವಾಗುವುದರಿಂದ ನನ್ನ ದೃಷ್ಟಿಯಲ್ಲಿ ಅದು ಹದಿನಾರರ ಕಾನೂನಿಗಿಂತಲೂ ಮುಖ್ಯ. ಎರಡನೆಯದು, ವಯೋಮಿತಿ ಜಾರಿಯಾದ ಎರಡು ವರ್ಷಗಳೊಳಗೆ ಕಾನೂನಿನ ಸ್ವತಂತ್ರ ಪರಾಮರ್ಶೆ ಆಗಬೇಕೆಂಬ ನಿಯಮ.

ನಿಮ್ಮ ಮಗನ ವಿಷಯಕ್ಕೆ ಬಂದರೆ, ಪಾಸ್‌ಪೋರ್ಟ್ ಕೇಳಿದ ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡು ಮರುಪರಿಶೀಲನೆ ಕೋರಿ. ಬೇರೆ ಮಾರ್ಗವನ್ನು ಒದಗಿಸದಿದ್ದರೆ ಆ ಸಂಗತಿಯನ್ನು ಆನ್‌ಲೈನ್ ಸುರಕ್ಷತೆಯ ಹೊಣೆ ಹೊತ್ತ ಇ-ಸೇಫ್ಟಿ ಆಯುಕ್ತರ ಗಮನಕ್ಕೆ ತನ್ನಿ. ಈಗಾಗಲೇ ಕೊಟ್ಟಿರುವ ಮುಖದ ಚಿತ್ರ ನಾಶವಾಗಿದೆಯೇ ಎಂದು ಕಂಪನಿಯ ಖಾಸಗಿತನ ಅಧಿಕಾರಿಗೆ ಬರೆಯಿರಿ. ಮೂವತ್ತು ದಿನಗಳಲ್ಲಿ ಸಮರ್ಪಕ ಉತ್ತರ ಬಾರದಿದ್ದರೆ ಆಸ್ಟ್ರೇಲಿಯಾದ ಮಾಹಿತಿ ಆಯುಕ್ತರ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಉತ್ತರ: ಕರಿಹಲಗೆ (ಬ್ರಿಸ್ಬೇನ್)

ಸಂಹಿತೆಯ ಕರಡಿನ ಬಗ್ಗೆ ಪತ್ರ ಬರೆಯುವುದಾದರೆ ನನ್ನನ್ನೂ ಸೇರಿಸಿಕೊಳ್ಳಿ. ಈ ಕಾನೂನಿನ ಪರವಾಗಿರುವ ಶಿಕ್ಷಕಿಯೂ ಅದನ್ನು ಪ್ರಶ್ನಿಸುವ ಪೋಷಕರೂ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಅದನ್ನು ಬದಿಗೆ ಸರಿಸುವುದು ಕಷ್ಟ. ಶಾಲೆಗಳಲ್ಲಿ ಕಡ್ಡಾಯವಾಗಿ ಬಳಸುವ ಕಲಿಕಾ ಆ್ಯಪುಗಳು ಮಕ್ಕಳ ಬಗ್ಗೆ ಏನೆಲ್ಲ ಸಂಗ್ರಹಿಸುತ್ತವೆ ಎಂಬ ಭಾಗವನ್ನು ನಾನು ಬರೆದುಕೊಡುತ್ತೇನೆ, ಏಕೆಂದರೆ ಅವುಗಳಿಗೆ ಬೇಡವೆನ್ನುವ ಆಯ್ಕೆ ಪೋಷಕರಿಗೂ ಇಲ್ಲ, ನಮಗೂ ಇಲ್ಲ. ಪತ್ರದ ಮೊದಲ ಕರಡನ್ನು ಇಲ್ಲೇ ಹಾಕಿ, ತಿದ್ದೋಣ.